ಎಳೆದು ನೋಡಬೇಡಿ

ನಾನು ಒಂದು ಗುಲಾಬಿ ಗಿಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನನ್ನು ನೋಡಿದವರೆಲ್ಲ ಸೌದೆ ಎಂದೇ ತಿಳಿದರು.

ಹುಟ್ಟಿದ್ದು ಒಂದು ನರ್ಸರಿಯ ಹೊಲದಲ್ಲಿ. ಕಾಡುಗುಲಾಬಿಯ ಬೇರಿಗೆ ಬಣ್ಣದ ಗುಲಾಬಿಯ ಕಣ್ಣು ಕೂಡಿಸಿ ಕಸಿ ಕಟ್ಟಿದ್ದರು. ಸುಖವಾಗಿದ್ದೆ. ಒಂದು ಚಳಿಗಾಲದ ಬೆಳಿಗ್ಗೆ ಗುದ್ದಲಿ ಹಾಕಿ ಎಬ್ಬಿಸಿದರು, ಬೇರಿನ ಮಣ್ಣನ್ನೆಲ್ಲ ಕೊಡವಿದರು, ಎಲೆ ಸವರಿ ಕೊಂಬೆ ಮೋಟು ಮಾಡಿ ಒದ್ದೆ ಗೋಣಿಯಲ್ಲಿ ಸುತ್ತಿದರು. ಮಣ್ಣಿಲ್ಲದಿದ್ದರೆ ಸಾಗಿಸಲು ಹಗುರವಂತೆ. ಹಗುರ ಅವರಿಗೆ! ಬರಿಬೇರಿನಲ್ಲಿ ಊರೂರು ಸುತ್ತುವ ಸಂಕಟ ನನಗೆ.

ಚನ್ನರಾಯಪಟ್ಟಣದ ಒಂದು ಬೀದಿಯಲ್ಲಿ, ಸೈಕಲ್ ಮೇಲೆ ಗಿಡ ಮಾರುವವನಿಂದ ನನ್ನನ್ನು ಕೊಂಡವಳು ಪ್ರಮೀಳಾ. ಮದುವೆಯಾಗಿ ಆ ಮನೆಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಅಲ್ಲಿ ಅವಳು ತನಗಾಗಿ, ತಾನೇ ಆರಿಸಿ ತಂದ ಮೊದಲ ವಸ್ತು ನಾನು. ಅವಳ ಅತ್ತೆ ತಾಯಮ್ಮ ನನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಕಾಸು ಕೊಟ್ಟು ಸೌದೆ ತಂದವ್ಳಲ್ಲಪ್ಪ! ಚಿಗುರ್ಲಿಲ್ಲ ಅಂದ್ರೆ ಹಂಡೆ ಒಲೆಗೆ ಹಾಕ್ತೀನಿ, ನೋಡ್ತಿರು."

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನನ್ನನ್ನು ಗಿಡವೆಂದು ಒಪ್ಪಲೇ ಅಲ್ಲಿ ಯಾರೂ ತಯಾರಿರಲಿಲ್ಲ.

ಪ್ರಮೀಳಾ ನನ್ನನ್ನು ಬಚ್ಚಲ ಹಿಂದೆ ನೆಟ್ಟಳು. ನೆಟ್ಟವಳು ಸುಮ್ಮನಿರಬೇಡವೇ? ಬೆಳಿಗ್ಗೆ ಟೀ ಚರಟ, ಮಧ್ಯಾಹ್ನ ಅಕ್ಕಿ ತೊಳೆದ ನೀರು, ಸಂಜೆ ಮಜ್ಜಿಗೆ. ಬಾಣಂತಿಗೂ ಇಷ್ಟು ಉಪಚಾರವಿಲ್ಲ. ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು, ಬೇರು ಬಿಟ್ಟಿದ್ದೇನೆಯೇ ಎಂದು ದಿನವೂ ನನ್ನನ್ನು ಎಳೆದು ನೋಡುವ ಅವಳ ಚಟ. ಕೂದಲೆಳೆಯಂಥ ಬೇರೊಂದನ್ನು ಕಷ್ಟಪಟ್ಟು ಮಣ್ಣಿಗೆ ಇಳಿಸುತ್ತಿದ್ದೆ. ಸೆರಗು ಸುತ್ತಿದ ಕೈ ಬಂದು ಅದನ್ನು ಪಟ್ಟೆಂದು ಹರಿಯುತ್ತಿತ್ತು. ಅಯ್ಯೋ ಪುಣ್ಯಾತ್ಗಿತ್ತಿ, ನಿನ್ನ ಪ್ರೀತಿಯಿಂದಲೇ ನಾನು ಸಾಯುತ್ತೇನೆ ಎಂದು ಕೂಗಬೇಕೆನಿಸುತ್ತಿತ್ತು.

ಬರಬರುತ್ತ ಒಂದು ಸಂಗತಿ ಗಮನಿಸಿದೆ. ಮನೆಗೆ ಯಾರಾದರೂ ಬಂದು "ಏನವ್ವಾ, ಏನಾರ ವಿಶೇಷ್ವಾ?" ಎಂದು ಕೇಳಿದ ದಿನ ಅವಳು ಎಳೆಯುವುದು ಇನ್ನೂ ಜೋರು. ಹಾಲಿನವಳು ಕೇಳಿದಳು, ಬಳೆಗಾರ ಕೇಳಿದ, ತಾಯಮ್ಮನಂತೂ ತಿಂಗಳು ತಿಂಗಳೂ ಕೇಳಿದರು. ವಿಶೇಷವೆಂದರೆ ಬಸಿರು ಎಂದು ಅರ್ಥವಾಗಲು ನನಗೆ ತಡವಾಯಿತು. ಎಷ್ಟಾದರೂ ಗಿಡ ನಾನು.

ಒಂದು ದಿನ ತಾಯಮ್ಮನ ತಂಗಿ ಜವರಮ್ಮ ಬಂದರು. ಹಿತ್ತಲಲ್ಲಿ ಕೈ ತೊಳೆಯುತ್ತ ಅದೇ ಪ್ರಶ್ನೆ ಕೇಳಿದರು. ಪ್ರಮೀಳಾ ಕೈ ಒರೆಸಲು ಟವೆಲ್ ಚಾಚಿದಳು. ತಾಯಮ್ಮ ಬಗ್ಗಿ ನನ್ನ ಬುಡಕ್ಕೆ ಕೈ ಹಾಕಿದರು.

"ಎಲ್ಲಿ ವಿಶೇಷ? ಈ ಕಡ್ಡಿನೂ ಅಂಗೇ, ಅವ್ಳೂ ಅಂಗೇ. ತಡಿ, ಇದನ್ನಾದ್ರೂ ಒಲೆಗೆ ಹಾಕ್ತೀನಿ."

ನನ್ನ ಕತೆ ಮುಗಿಯಿತು ಎಂದುಕೊಂಡೆ. ಆಗ ಪ್ರಮೀಳಾ ಅತ್ತೆಯ ಕೈ ಹಿಡಿದಳು.

"ಬಿಡಿ ಅತ್ತೆ. ದಿನಾ ಎಳ್ದು ಎಳ್ದು ನೋಡಿದ್ರೆ ಯಾವ್ದು ತಾನೇ ಬೇರು ಬಿಡುತ್ತೆ? ನಾನೂ ಇದಕ್ಕೆ ಅದನ್ನೇ ಮಾಡ್ದೆ. ಇನ್ಮೇಲೆ ಮಾಡಲ್ಲ. ನೀವೂ ಮಾಡ್ಬೇಡಿ."

ತಾಯಮ್ಮ ಸೊಸೆಯ ಮುಖ ನೋಡಿದರು. ಆಮೇಲೆ ನನ್ನನ್ನು ಬಿಟ್ಟು, ಸಡಿಲವಾಗಿದ್ದ ಮಣ್ಣನ್ನು ಕಾಲಿನಿಂದ ಅದುಮಿ, ಒಳಗೆ ಹೋದರು.

ಅಂದಿನಿಂದ ಯಾರೂ ಮುಟ್ಟಲಿಲ್ಲ. ಅಷ್ಟೇ ಸಾಕಿತ್ತು ನನಗೆ! ಬೇರು ಇಳಿಯಿತು, ಕೆಂಪು ಚಿಗುರು ಬಂತು, ಬೇಸಿಗೆ ಮುಗಿಯುವ ಹೊತ್ತಿಗೆ ಅರಿಶಿನದ ಬಣ್ಣಕ್ಕೆ ಕುಂಕುಮದ ಅಂಚಿದ್ದ ಹೂ ಬಿಟ್ಟೆ. ಮೊದಲ ಹೂವನ್ನು ತಾಯಮ್ಮನೇ ಕೊಯ್ದು ಸೊಸೆಯ ಮುಡಿಗೆ ಸಿಕ್ಕಿಸಿದರು. ಆಮೇಲೆ ಯಾರಾದರೂ ವಿಶೇಷ ಕೇಳಿದರೆ ಅವರೇ ಮುಂದೆ ಬಂದು, "ನಮ್ಮನೆ ಗುಲಾಬಿ ಹೂ ಬಿಟ್ಟದೆ, ಅದೇ ವಿಶೇಷ. ಕಾಫಿ ಕುಡುದು ಹೊರಡು" ಎನ್ನುತ್ತಿದ್ದರು.

ಈಗ ನನಗೆ ವಯಸ್ಸಾಗಿದೆ. ಬುಡ ದಪ್ಪವಾಗಿ ತೊಗಟೆ ಒಡೆದಿದೆ, ಹೂ ಅಪರೂಪ. ತಾಯಮ್ಮ ಇಲ್ಲ. ಪ್ರಮೀಳೆಯ ಕೂದಲು ನರೆತಿದೆ. ಎಳೆಬಿಸಿಲಿಗೆ ನನ್ನ ಪಕ್ಕ ಬಂದು ಕೂರುತ್ತಾಳೆ.

ಕಡೆಗೆ ಅವಳಿಗೆ ಮಕ್ಕಳಾದವೇ ಎಂದು ಕೇಳಬೇಕೆಂದಿದ್ದೀರಿ, ಅಲ್ಲವೇ? ನೋಡಿ, ಇಷ್ಟು ಹೊತ್ತು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ನೀವೂ ಕೈ ಹಾಕಿ ಎಳೆದೇಬಿಟ್ಟಿರಿ!