ಕೋಟಿನ ಅಂಚು

ಯಂತ್ರ ಮೂರನೆಯ ಸಲವೂ ಕೆಂಪು ದೀಪ ತೋರಿಸಿತು.

“ಬಲಗೈ ಬಂತು. ಎಡಗೈ ತೋರುಬೆರಳು ಇನ್ನೊಂದು ಸಲ ಇಡಿ ಅಮ್ಮಾ. ಸ್ವಲ್ಪ ಒತ್ತಿ,” ಎಂದ ವಿಮಾನ ನಿಲ್ದಾಣದಲ್ಲಿ ಗಾಜಿನಾಚೆ ಕೂತಿದ್ದ ಇಮಿಗ್ರೇಷನ್ ಗುಮಾಸ್ತ.

ಮಾಸ್ಟರ ಹೆಂಡತಿ ಬೆರಳನ್ನು ಕರವಸ್ತ್ರಕ್ಕೆ ಒರೆಸಿ ಮತ್ತೆ ಇಟ್ಟಳು. ಮತ್ತೆ ಕೆಂಪು. ಗುಮಾಸ್ತ ಮುಂದಕ್ಕೆ ಬಾಗಿ ಆ ಬೆರಳನ್ನೇ ನೋಡಿದ. ತುದಿಯ ಚರ್ಮದಲ್ಲಿ ಗೆರೆಗಳಿಗಿಂತ ಚುಕ್ಕಿಗಳೇ ಹೆಚ್ಚಿದ್ದವು.

“ಏನು ಕೆಲಸ ಮಾಡ್ತೀರಿ?”

“ಮನೇಲಿರ್ತಾಳೆ,” ಎಂದರು ಮಾಸ್ಟರು. ಫಾರಂ ತುಂಬಿದವರೂ ಅವರೇ. ತಮ್ಮ ಹೆಸರಿನ ಮುಂದೆ ‘ಟೈಲರ್, ಸ್ವಂತ ಅಂಗಡಿ, ನಲವತ್ತೊಂದು ವರ್ಷ’ ಎಂದು ಬರೆದು, ಚೌಕ ಸಾಲದೆ ಪಕ್ಕದ ಚೌಕವನ್ನೂ ಒತ್ತುವರಿ ಮಾಡಿದ್ದರು. ಹೆಂಡತಿಯ ಹೆಸರಿನ ಮುಂದೆ ಒಂದು ಅಡ್ಡಗೆರೆ ಎಳೆದಿದ್ದರು.

ಗುಮಾಸ್ತ ಅವಳ ನಡುಬೆರಳನ್ನು ಒತ್ತಿಸಿಕೊಂಡು ಮೊಹರು ಹಾಕಿ ಬಿಟ್ಟ.

ಮಾಸ್ಟರನ್ನು ಅವರ ಊರಿನಲ್ಲಿ ಹೆಸರು ಹಿಡಿದು ಕರೆದವರಿಲ್ಲ. ಅಂಗಡಿಯ ಮುಂಭಾಗದಲ್ಲಿ ಕೊರಳಿಗೆ ಟೇಪು ಹಾಕಿಕೊಂಡು ನಿಂತು, ಗಿರಾಕಿಯನ್ನು ಒಮ್ಮೆ ತಲೆಯಿಂದ ಕಾಲಿನವರೆಗೆ ನೋಡಿ, ಅಳೆಯುವ ಮೊದಲೇ ಅಳತೆ ಹೇಳುವವರು. ಅಂಗಡಿಯ ಹಿಂಭಾಗಕ್ಕೆ ಒಂದು ಪರದೆ ಇತ್ತು. ಆರು ವರ್ಷಗಳ ಹಿಂದೆ ಮಾಸ್ಟರ ಬಲಗೈಗೆ ನಡುಕ ಬಂತು. ದೊಡ್ಡ ಕತ್ತರಿ ಹಿಡಿದರೆ ನಡುಕ ಅಡಗುತ್ತಿತ್ತು, ಸೂಜಿ ಹಿಡಿದರೆ ಎದ್ದು ಕೂರುತ್ತಿತ್ತು. ಅಂದಿನಿಂದ ಹೊಲಿಗೆಯೆಲ್ಲ ಪರದೆಯ ಹಿಂದೆ ನಡೆಯುತ್ತಿತ್ತು. ಮಾಸ್ಟರ ಕೈಗೆ ವಯಸ್ಸಾಗುತ್ತ ಕೆಲಸ ಇನ್ನೂ ನಯವಾಗಿದೆ ಎಂದು ಗಿರಾಕಿಗಳು ಹೊಗಳುತ್ತಿದ್ದರು. ಮಾಸ್ಟರು ಆ ಹೊಗಳಿಕೆಯನ್ನು ತಲೆ ಬಾಗಿಸಿ ಸ್ವೀಕರಿಸುತ್ತಿದ್ದರು. ಪರದೆಯ ಹಿಂದಿನಿಂದ ಒಮ್ಮೊಮ್ಮೆ ಕೆಮ್ಮು ಕೇಳಿಸುತ್ತಿತ್ತು, ಅಷ್ಟೆ.

ಕಸ್ಟಮ್ಸ್ ಮೇಜಿನಲ್ಲಿದ್ದ ಅಧಿಕಾರಿಣಿಗೆ ಮೂವತ್ತೈದು ಇರಬಹುದು. ಅವಳ ಸಮವಸ್ತ್ರದ ಎಡ ಭುಜ ಅರ್ಧ ಇಂಚು ಜಾರಿರುವುದನ್ನು ಮಾಸ್ಟರು ದೂರದಿಂದಲೇ ಗಮನಿಸಿದ್ದರು.

“ಪೆಟ್ಟಿಗೆ ನೀವೇ ತುಂಬಿದ್ದಾ ಯಜಮಾನ್ರೇ?”

“ನಾನೇ.”

“ಬಚ್ಚಿಟ್ಟಿರೋದು ಏನಾದ್ರೂ ಇದೆಯಾ?”

ಬೇರೆ ಯಾರೇ ಆಗಿದ್ದರೂ ಇಲ್ಲ ಎಂದು ಹೇಳಿ ಹೊರಗೆ ನಡೆದುಬಿಡುತ್ತಿದ್ದರು. ಆದರೆ ಮಾಸ್ಟರಿಗೆ ಇಂಥ ಪ್ರಶ್ನೆಯನ್ನು ನಲವತ್ತೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

“ಒಳ್ಳೆ ಕೋಟಲ್ಲಿ ಅರ್ಧ ಕೆಲಸ ಬಚ್ಚಿಟ್ಟಿದ್ದೇ ಇರುತ್ತೆ ಮೇಡಂ,” ಎಂದರು.

ಹೆಂಡತಿ ಕಣ್ಣು ಮುಚ್ಚಿಕೊಂಡಳು.

ಎಕ್ಸ್‌ರೇ ತೆರೆಯ ಮೇಲೆ ಪೆಟ್ಟಿಗೆಯೊಳಗಿನ ಕೋಟಿನ ಕೆಳ ಅಂಚಿನುದ್ದಕ್ಕೂ ಏಳು ಕಪ್ಪು ಚುಕ್ಕಿಗಳು ಸಾಲಾಗಿ ಕಂಡವು. ಅಧಿಕಾರಿಣಿ ಪೆಟ್ಟಿಗೆ ತೆಗೆಸಿದಳು. ಕಡುನೀಲಿಯ ಉದ್ದ ಕೋಟು ಮೇಜಿನ ಮೇಲೆ ಹರಡಿಕೊಂಡಿತು.

“ಏನಿದು?”

“ಸೀಸದ ಬಿಲ್ಲೆ. ಗಾಳಿಗೆ ಅಂಚು ಹಾರಬಾರದು ಅಂತ. ಹಡಗಿನ ಮೇಲೆ ಹಾಕ್ಕೊಳ್ಳೋ ಕೋಟಿದು. ನಮ್ಮ ಮಗಳಿಗೆ ಕ್ಯಾಪ್ಟನ್ ಕೆಲಸ ಆಗಿದೆ. ಇವತ್ತು ಮಧ್ಯಾಹ್ನ ಎರಡಕ್ಕೆ ಹಡಗು ಅವಳ ವಶಕ್ಕೆ ಬರುತ್ತೆ, ನಾಲ್ಕಕ್ಕೆ ಹೊರಡುತ್ತೆ. ಹೊರಗೆ ಕಾಯ್ತಿದಾಳೆ.”

“ನಿಮ್ಮ ಮಗಳು ಹಡಗಿಗೆ ಕ್ಯಾಪ್ಟನ್ನಾ?”

“ಅವಳೇ,” ಎಂದಳು ಹೆಂಡತಿ. “ಚಿಕ್ಕೋಳಿದ್ದಾಗ ಬಕೆಟ್ಟಲ್ಲಿ ಸಿಕ್ಕಿದ್ದನ್ನೆಲ್ಲ ಮುಳುಗಿಸ್ತಿದ್ಲು. ಈಗ ಮುಳುಗಿಸದೆ ಇರೋಕೆ ಸಂಬಳ ಕೊಡ್ತಾರೆ.”

ಅಧಿಕಾರಿಣಿಯ ತುಟಿಯ ಒಂದು ತುದಿ ಅಲುಗಿತು. ಆದರೆ ಕೈ ಡ್ರಾಯರಿಗೆ ಹೋಗಿ ಬ್ಲೇಡು ತೆಗೆಯಿತು. “ತೆರೆ ಮೇಲೆ ಸೀಸಾನೂ ಒಂದೇ, ಚಿನ್ನಾನೂ ಒಂದೇ. ಬಿಚ್ಚಿ ನೋಡಬೇಕು.”

“ಬ್ಲೇಡು ಬೇಡ,” ಎಂದರು ಮಾಸ್ಟರು. ದನಿ ಏರಲಿಲ್ಲ, ಆದರೆ ಅಂಗಡಿಯ ದನಿ ಬಂದಿತ್ತು. “ಆ ಬಟ್ಟೆಗೆ ಒಂದು ಸಲ ಗಾಯ ಆದ್ರೆ ಮುಚ್ಚಲ್ಲ. ನಾನು ಹೊಲಿದದ್ದು, ನಾನೇ ಬಿಚ್ಚಿ ಕೊಡ್ತೀನಿ. ಗಂಟು ಹಿಡಿದು ಎಳೆದ್ರೆ ಸಾಕು, ಅರ್ಧ ನಿಮಿಷ.”

ಅಧಿಕಾರಿಣಿ ಬ್ಲೇಡು ಕೆಳಗಿಟ್ಟಳು.

ಬಲಗೈಯವರು ಅಂಚು ಹೊಲಿದರೆ ಹೊಲಿಗೆ ಬಲದಿಂದ ಎಡಕ್ಕೆ ಸಾಗುತ್ತದೆ. ಕೊನೆಯ ಗಂಟು ಎಡತುದಿಯಲ್ಲಿರುತ್ತದೆ. ಮಾಸ್ಟರು ಎಡತುದಿಗೆ ಕೈ ಹಾಕಿದರು. ಗಂಟು ಸಿಗಲಿಲ್ಲ. ಕನ್ನಡಕ ಏರಿಸಿ ನೋಡಿದರು. ಬೆರಳುಗಳು ನಡುಗತೊಡಗಿದವು. ಒಂದು ಎಳೆ ಸಿಕ್ಕಿತೆಂದು ಎಳೆದರೆ ದಾರ ಇನ್ನಷ್ಟು ಬಿಗಿದುಕೊಂಡಿತು. ಹೆಂಡತಿ ಎಡಗೈಯವಳು ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅವಳ ಹೊಲಿಗೆಯನ್ನು ಬಿಚ್ಚುವ ಪ್ರಮೇಯ ಆರು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ.

“ಅರ್ಧ ನಿಮಿಷ ಆಯ್ತು,” ಎಂದಳು ಅಧಿಕಾರಿಣಿ. “ನೀವು ಹೊಲಿದದ್ದರ ಗಂಟು ಎಲ್ಲಿದೆ ಅಂತ ನಿಮಗೇ ಗೊತ್ತಿಲ್ವಾ?”

ಮಾಸ್ಟರು ಮತ್ತೆ ಎಡತುದಿಯನ್ನೇ ತಡಕಿದರು.

“ಯಜಮಾನ್ರೇ, ಈ ಕೋಟು ನಿಮಗೆ ಯಾರೋ ಕೊಟ್ಟು ಕಳಿಸಿದಾರೆ. ನೀವು ಹೇಳೋವರೆಗೂ ಇದು ಇಲ್ಲೇ ಇರುತ್ತೆ. ತನಿಖೆ ಮುಗಿಯೋಕೆ ಮೂರು ದಿನ ಬೇಕು.”

ಗೋಡೆಯ ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು. ಹಿಂದಿನ ಸಾಲಿನಲ್ಲಿದ್ದವರು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಮಾಸ್ಟರು ಹೆಂಡತಿಯ ಕಡೆ ತಿರುಗಿದರು. ಅವಳು ಮೇಲ್ಛಾವಣಿಯ ದೀಪಗಳನ್ನು ಎಣಿಸುವವಳ ಹಾಗೆ ನಿಂತಿದ್ದಳು. ಅವಳಾಗಿ ಬಾಯಿ ಬಿಡುವವಳಲ್ಲ. ಪರದೆ ಎಳೆದವರು ಅವರು, ಸರಿಸಬೇಕಾದವರೂ ಅವರೇ.

“ಹೊಲಿಗೆ ಇವಳದ್ದು,” ಎಂದರು ಮಾಸ್ಟರು.

“ಏನಂದ್ರಿ?”

“ಇವಳದ್ದು. ಇದೊಂದೇ ಅಲ್ಲ, ಆರು ವರ್ಷದಿಂದ ನಮ್ಮ ಅಂಗಡಿಯಿಂದ ಹೊರಗೆ ಹೋದ ಬಟ್ಟೆ ಎಲ್ಲಾ ಇವಳು ಹೊಲಿದಿದ್ದು.” ಬಲಗೈಯನ್ನು ಮೇಜಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟರು. ಅದು ತನ್ನ ಪಾಡಿಗೆ ನಡುಗುತ್ತಿತ್ತು. “ಇದರ ಕೈಲಿ ಆಗಲ್ಲ.”

ಅಧಿಕಾರಿಣಿ ಹೆಂಡತಿಯನ್ನು ನೋಡಿದಳು. “ಹೌದಾ ಅಮ್ಮಾ?”

“ಅಳತೆ ಅವರದ್ದು. ಕತ್ತರಿಸೋದೂ ಅವರೇ.”

“ನಾನು ಕೇಳಿದ್ದು ಹೊಲಿಗೆ.”

ಹೆಂಡತಿ ಕೋಟಿನ ಕಡೆ ತಿರುಗಿದಳು. “ಹೊಲಿಗೆ ನಂದು,” ಎಂದಳು.

ಮುಂದೆ ಬಂದು, ಅಂಚಿನ ಬಲತುದಿಯನ್ನು ಎಡಗೈಯಲ್ಲಿ ಮಗುಚಿ, ಉಗುರಿನಿಂದ ಏನನ್ನೋ ಎಬ್ಬಿಸಿ ಎಳೆದಳು. ದಾರ ಒಂದೇ ಎಳೆಯಾಗಿ, ಎಲ್ಲೂ ತಡವರಿಸದೆ, ಈ ತುದಿಯಿಂದ ಆ ತುದಿಯವರೆಗೆ ಬಂದುಬಿಟ್ಟಿತು. ಏಳು ಬಿಲ್ಲೆಗಳು ಮೇಜಿನ ಮೇಲೆ ಬಿದ್ದವು. ಅಧಿಕಾರಿಣಿ ಒಂದನ್ನೆತ್ತಿ ಕಾಗದದ ಮೇಲೆ ಉಜ್ಜಿದಳು. ಪೆನ್ಸಿಲಿನಂಥ ಬೂದು ಗೆರೆ ಮೂಡಿತು. ಏಳನ್ನೂ ಉಜ್ಜಿದಳು. ಏಳು ಗೆರೆ.

“ಸೀಸಾನೇ,” ಎಂದಳು.

“ಚಿನ್ನ ಹಾಕೋ ಯೋಗ್ಯತೆ ಇದ್ದಿದ್ರೆ ನಾನು ಸೂಜಿ ಯಾಕೆ ಹಿಡೀತಿದ್ದೆ,” ಎಂದಳು ಹೆಂಡತಿ, ಪೆಟ್ಟಿಗೆಯಿಂದ ಸೂಜಿಡಬ್ಬಿ ತೆಗೆಯುತ್ತ. “ಆ ತುದಿ ಸ್ವಲ್ಪ ಎಳೆದು ಹಿಡ್ಕೋತೀಯಾ ಮಗಳೇ? ಹಾಗಲ್ಲ, ಮಗು ಕೈ ಹಿಡಿದ ಹಾಗೆ ಹಿಡಿ. ಪೊಲೀಸರು ಹಿಡಿದ ಹಾಗೆ ಬೇಡ.”

ಕಸ್ಟಮ್ಸ್ ಅಧಿಕಾರಿಣಿ ಅಂಚು ಹಿಡಿದು ನಿಂತಳು. ಮಾಸ್ಟರು ಬಿಲ್ಲೆಗಳನ್ನು ಒಂದೊಂದಾಗಿ ಕೊಟ್ಟರು. ಪ್ರತಿ ಬಿಲ್ಲೆಗೂ ಜಾಗದ ಅಳತೆ ಹೇಳಿದರು. ಹೆಂಡತಿ ಅವರು ಹೇಳುವ ಮೊದಲೇ ಅಲ್ಲಿಟ್ಟಿರುತ್ತಿದ್ದಳು. ಎಡಗೈ ಎಡದಿಂದ ಬಲಕ್ಕೆ ಸಾಗಿತು. ಸಾಲಿನಲ್ಲಿದ್ದವರಲ್ಲಿ ಒಬ್ಬರೂ ಗೊಣಗಲಿಲ್ಲ. ದಪ್ಪನೆಯ ಒಬ್ಬ ಪ್ರಯಾಣಿಕ ಹತ್ತಿರ ಬಂದು ಕೇಳಿದ: “ನಿಮ್ಮ ಅಂಗಡಿ ಎಲ್ಲಿದೆ ಸಾರ್?”

ಮಾಸ್ಟರು ಅಭ್ಯಾಸಬಲದಿಂದ ಕೊರಳಿಗೆ ಕೈ ಹಾಕಿದರು. ಟೇಪು ಇರಲಿಲ್ಲ.

“ಇವಳನ್ನ ಕೇಳಿ,” ಎಂದರು. “ಈಗಲ್ಲ. ಹೊಲೀವಾಗ ಮಾತಾಡಿಸಬಾರದು.”

ಇಪ್ಪತ್ತು ನಿಮಿಷಕ್ಕೆ ಕೆಲಸ ಮುಗಿಯಿತು. ಬಿಚ್ಚಿದ್ದು ಎಲ್ಲಿ ಎಂದು ಹುಡುಕಿದರೂ ಅಧಿಕಾರಿಣಿಗೆ ಕಾಣಲಿಲ್ಲ. ಅವಳು ವರದಿಯ ಫಾರಂ ಮುಂದೆ ತಳ್ಳಿದಳು. ‘ವಸ್ತು ತಯಾರಿಸಿದವರು’ ಎಂಬ ಸಾಲು ಖಾಲಿಯಿತ್ತು. ಮಾಸ್ಟರು ಪೆನ್ನು ತೆಗೆದುಕೊಂಡು, ಎಡಗೈಯಿಂದ ಬಲ ಮಣಿಕಟ್ಟನ್ನು ಒತ್ತಿ ಹಿಡಿದು, ಹೆಂಡತಿಯ ಹೆಸರು ಬರೆದರು. ಪಕ್ಕದಲ್ಲಿ ‘ಟೈಲರ್’ ಎಂದೂ ಬರೆದರು. ಆ ಚೌಕವೂ ಸಾಲದೆ ಅಕ್ಷರ ಆಚೆಗೆ ದಾಟಿತು.

“ಏನ್ರೀ ಇದು, ಕೋಳಿ ಕೆರೆದ ಹಾಗಿದೆ,” ಎಂದಳು ಹೆಂಡತಿ. ಆದರೆ ಫಾರಂ ಅನ್ನು ಬೇಗ ಹಿಂದಿರುಗಿಸಲಿಲ್ಲ.

ಹೊರಡುವಾಗ ಅಧಿಕಾರಿಣಿಗೆ ಹೇಳಿದಳು: “ನಿನ್ನ ಎಡ ಭುಜ ಅರ್ಧ ಇಂಚು ಜಾರಿದೆ. ವಾಪಸ್ ಹೋಗೋವಾಗ ಸರಿ ಮಾಡಿಕೊಡ್ತೀನಿ.”

ಮಾಸ್ಟರು ಕೋಟನ್ನು ಕವರಿಗೆ ಹಾಕಲಿಲ್ಲ. ಹ್ಯಾಂಗರಿಗೆ ಏರಿಸಿ ಹೆಂಡತಿಯ ಕೈಗೆ ಕೊಟ್ಟು, ತಾವು ಟ್ರಾಲಿ ತಳ್ಳುತ್ತ ಎರಡು ಹೆಜ್ಜೆ ಹಿಂದೆ ನಡೆದರು. ಗಾಜಿನ ಬಾಗಿಲು ಸರಿಯಿತು. ಹೊರಗಿನ ಗಾಳಿ ಒಮ್ಮೆಲೇ ಒಳನುಗ್ಗಿ ಎದುರಿಗಿದ್ದವರ ಕೂದಲು, ಹೆಸರು ಬರೆದ ಹಲಗೆಗಳು, ಯಾರದೋ ಟೋಪಿ, ಎಲ್ಲವನ್ನೂ ಎಬ್ಬಿಸಿತು. ಕಂಬಿಯಾಚೆ ಬಿಳಿ ಅಂಗಿಯ ಮಗಳು ಕೈಗಡಿಯಾರದಿಂದ ತಲೆ ಎತ್ತಿದಳು. ಅಮ್ಮ ಕೋಟನ್ನು ಮೇಲಕ್ಕೆತ್ತಿ ಹಿಡಿದಳು. ಅದರ ಅಂಚು ಒಂದು ಸಲ ತೂಗಿ, ನೆಟ್ಟಗೆ ಇಳಿದು, ಅಲ್ಲೇ ನಿಂತಿತು.