ಮೇಲ್ಮನವಿ

"ಅಪೀಲು ಬೇಡ" ಎಂದಳು ಅವಳು.

ಜೈಲಿನ ಭೇಟಿ ಕೋಣೆಯಲ್ಲಿ ಜಾಲರಿಯ ಎರಡೂ ಕಡೆ ಜನ ಕೂಗಿ ಮಾತಾಡುತ್ತಿದ್ದರು. ಸರಿಯಾಗಿ ಕೇಳಿಸಲಿಲ್ಲವೆಂದುಕೊಂಡು ಪೇಂಟರ್ ಕಿವಿಯನ್ನು ಜಾಲರಿಗೆ ಒತ್ತಿದ. ವಕೀಲರು ಕೊಟ್ಟ ಕಾಗದ ಅವನ ಕೈಯಲ್ಲಿತ್ತು. ಹೆಂಡತಿ ಒಂದು ಸಹಿ ಹಾಕಿದರೆ ಮೇಲಿನ ಕೋರ್ಟಿಗೆ ಹೋಗಬಹುದಿತ್ತು.

"ಏನಂದೆ?"

"ಬೇಡ ಅಂದೆ. ಶಿಕ್ಷೆ ಆಗಿದೆ, ಆಗ್ಲಿ ಬಿಡಿ."

"ನಿನಗೇನು ತಲೆ ಕೆಟ್ಟಿದ್ಯಾ? ಮಾಡದ ತಪ್ಪಿಗೆ ಇಲ್ಲಿ ಕೊಳೀತೀಯಾ?"

ಅವಳಿಗೆ ಜೈಲಿನವರು ಕೊಟ್ಟ ಅಂಗಿ ದೊಗಳೆಯಾಗಿತ್ತು. ತೋಳು ಬೆರಳುಗಳನ್ನೂ ಮುಚ್ಚಿತ್ತು.

ಬೀದಿಯವರೆಲ್ಲ ಅವಳನ್ನು ಆಯಮ್ಮ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ಅವಳ ಮುಂಗೋಣೆಯಲ್ಲಿ ಬಿಟ್ಟು, ಸಂಜೆ ಕರೆದೊಯ್ಯುತ್ತಿದ್ದರು. "ಗಂಡ ಗೋಡೆ ಒರೆಸ್ತಾನೆ, ಹೆಂಡತಿ ಮೂಗು ಒರೆಸ್ತಾಳೆ, ಇಬ್ಬರದ್ದೂ ಒಂದೇ ಕಸುಬು" ಎಂದು ಎದುರುಮನೆಯವನು ತಮಾಷೆ ಮಾಡುತ್ತಿದ್ದ. ಆಸ್ಪತ್ರೆಯ ನರ್ಸ್ ಒಬ್ಬಳ ಮಗು ಆ ಕೋಣೆಯಲ್ಲಿ ಸತ್ತ ಮೇಲೆ ಅವನು ತಮಾಷೆ ಬಿಟ್ಟ, ಮಾತನ್ನೂ ಬಿಟ್ಟ. ಇದು ಮಂಚದಿಂದ ಬಿದ್ದ ಪೆಟ್ಟಲ್ಲ ಎಂದು ಡಾಕ್ಟರು ಕೋರ್ಟಿನಲ್ಲಿ ಹೇಳಿದರು. ಪೇಂಟರ್ ಮಾತ್ರ ಸಿಕ್ಕಸಿಕ್ಕವರ ಮುಂದೆ, ನನ್ನ ಹೆಂಡತಿ ಇರುವೆಯನ್ನೂ ದಾಟಿಕೊಂಡು ಹೋಗುವವಳು ಎಂದು ವಾದಿಸಿದ. ಅದೇ ಮಾತಿಗೆ ಸ್ವಂತ ತಮ್ಮನ ಕೊರಳಪಟ್ಟಿ ಹಿಡಿದಿದ್ದ.

"ಮಗು ಬೀಳಲಿಲ್ಲ" ಎಂದಳು ಅವಳು.

ಪಕ್ಕದಲ್ಲಿ ಮುದುಕಿಯೊಬ್ಬಳು ಮಗನನ್ನು ಚಪ್ಪಲಿಯ ಅಳತೆ ಕೇಳುತ್ತಿದ್ದಳು.

"ಅವತ್ತು ಬೆಳಿಗ್ಗೆಯಿಂದ ಒಂದೇ ಸಮ ಅಳು. ಅದು ಅತ್ತರೆ ಉಳಿದವೂ ಅಳೋವು. ಎತ್ಕೊಂಡೆ, ಹಾಲು ಕೊಟ್ಟೆ, ಹಾಡಿದೆ. ಯಾವುದಕ್ಕೂ ಜಗ್ಗಲಿಲ್ಲ. ಆಮೇಲೆ ಎರಡೂ ತೋಳು ಹಿಡಿದು ಅಲ್ಲಾಡಿಸಿಬಿಟ್ಟೆ. ತಲೆ ಹಿಂದಕ್ಕೂ ಮುಂದಕ್ಕೂ... ಸುಮ್ಮನಾಯ್ತು. ಸದ್ಯ, ನಿದ್ದೆ ಹೋಯ್ತು ಅಂದ್ಕೊಂಡೆ. ಹೊದಿಸಿ, ಬಟ್ಟೆ ಒಗೆಯೋಕೆ ಕೂತೆ."

ಪೇಂಟರ್‌ಗೆ ಜಾಲರಿಯಿಂದ ಮುಖ ಹಿಂದೆಗೆಯಲು ಆಗಲಿಲ್ಲ.

"ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ?"

"ನೀವು ಕೇಳಿದ್ರಾ? ಮನೆ ಒಳಗೆ ಕಾಲಿಟ್ಟವರೇ, 'ಮಂಚದಿಂದ ಬಿತ್ತಾ? ಬಿತ್ತು ತಾನೇ?' ಅಂದ್ರಿ. ಪೊಲೀಸರಿಗೂ ನೀವೇ ಹೇಳಿದ್ರಿ. ನಾನು ಹೂಂ ಅಂದೆ. ಅಷ್ಟು ಹೊತ್ತಿಗೆ ಮಗು ಬಿದ್ದೇ ಹಾಗಾಗಿದ್ದರೆ ಸಾಕು ಅಂತ ನನಗೂ ಅನ್ನಿಸಿತ್ತು."

ಗಂಟೆ ಹೊಡೆಯಿತು. "ಮಗಳಿಗೆ ನೀವೇ ಹೇಳಿ. ನನ್ನ ಕೈಲಾಗಲ್ಲ" ಎಂದು ಅವಳು ಎದ್ದು, ಕಾವಲುಗಾರ್ತಿ ಕರೆಯುವ ಮೊದಲೇ ಸಾಲಿನಲ್ಲಿ ಹೋಗಿ ನಿಂತಳು.

ಬಸ್ಸಿನಲ್ಲಿ ಕೂತಾಗ ಅವನಿಗೆ ಆ ನರ್ಸಿನ ಮುಖ ನೆನಪಾಯಿತು. ತೀರ್ಪಿನ ದಿನ ಅವಳು ಕೋರ್ಟಿನ ಮೆಟ್ಟಿಲ ಬಳಿ ಅವನನ್ನು ತಡೆದು, "ನನ್ನ ಮಗು ಅವತ್ತು ತುಂಬಾ ಅತ್ತಿತ್ತಾ?" ಎಂದಷ್ಟೇ ಕೇಳಿದ್ದಳು. ಅವನು, "ಒಂದು ಸಂಸಾರ ಹಾಳು ಮಾಡಿದ್ದು ಸಾಲದಾ, ಹೋಗಮ್ಮ" ಎಂದು ಗದರಿ ಕಳಿಸಿದ್ದ.

ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು. ಕಂಕುಳಲ್ಲಿದ್ದ ಮೊಮ್ಮಗ ಕೆಂಪೇರಿ ಅಳುತ್ತಿದ್ದ.

"ಅಮ್ಮ ಸಹಿ ಹಾಕಿದ್ಲಾ?"

"ಇಲ್ಲ."

"ಯಾಕಂತೆ?"

ಅವನು ಚಪ್ಪಲಿ ಬಿಡುತ್ತ ತಡಮಾಡಿದ.

"ಸರಿ, ಕೂತ್ಕೊಂಡು ಹೇಳು. ಮೊದಲು ಇವನನ್ನ ಹಿಡ್ಕೋ, ಹಾಲು ಬಿಸಿ ಮಾಡ್ತೀನಿ." ಅವನು ಕೂತೊಡನೆ ಮಗುವನ್ನು ತೊಡೆಗೆ ಹಾಕಿ ಅವಳು ಒಳಗೆ ಹೋದಳು.

ಮಗು ಬೆನ್ನು ಬಿಲ್ಲಿನಂತೆ ಬಾಗಿಸಿ ಚೀರಿತು. ಪೇಂಟರ್ ಒಂದು ಅಂಗೈಯನ್ನು ತಲೆಯ ಕೆಳಗೆ, ಇನ್ನೊಂದನ್ನು ಬೆನ್ನಿಗೆ ಕೊಟ್ಟು ಹಾಗೇ ಕುಳಿತ. ಮೊಣಕಾಲನ್ನೂ ಕದಲಿಸಲಿಲ್ಲ.

"ಸ್ವಲ್ಪ ಅಲ್ಲಾಡಿಸಪ್ಪ, ಸುಮ್ಮನಾಗ್ತಾನೆ" ಎಂದು ಅಡುಗೆಮನೆಯಿಂದ ಮಗಳು ಕೂಗಿದಳು.

ಅವನು ಅಲುಗಲಿಲ್ಲ. "ಅಳಲಿ" ಎಂದ. ಧ್ವನಿ ತನ್ನದೆನಿಸಲಿಲ್ಲ. "ಅಳಲಿ ಬಿಡವ್ವ."

ಒಳಗೆ ಪಾತ್ರೆಯ ಸದ್ದು ನಿಂತಿತು. ಮಗಳು ಚಮಚ ಹಿಡಿದೇ ಬಾಗಿಲಿಗೆ ಬಂದು, ಅಪ್ಪನ ಮುಖ ನೋಡಿದಳು, ಅವನ ಕೈಗಳನ್ನು ನೋಡಿದಳು. ಅವಳ ಹಿಂದೆ ಹಾಲು ಉಕ್ಕಿ ಒಲೆಯ ಮೇಲೆ ಚೊಯ್ಯೆಂದಿತು. ಅವಳು ತಿರುಗಲಿಲ್ಲ.