ಕಾಲಿನಿಂದ ಬಂದ ಹೆಬ್ಬೆರಳು

ಬಟ್ಟೆ ಕತ್ತರಿಸುವ ಯಂತ್ರ ಅತ್ತಿಗೆಯ ಬಲಗೈ ಹೆಬ್ಬೆರಳನ್ನು ಬುಡಸಮೇತ ತಿಂದುಹಾಕಿತ್ತು. ಮರಳಿ ಜೋಡಿಸಲು ಏನೂ ಉಳಿದಿರಲಿಲ್ಲ. ವೈದ್ಯರು ಅವಳ ಎಡಗಾಲಿನ ಹೆಬ್ಬೆರಳನ್ನೇ ತೆಗೆದು ಆ ಜಾಗಕ್ಕೆ ಕೂರಿಸಿದರು. ತಿಂಗಳುಗಳು ಕಳೆದು ಗಾಯ ಮಾಗಿತು, ಬೆರಳು ಬಾಗತೊಡಗಿತು. ಆದರೆ ಕೋಟಿನ ಗುಂಡಿ ತೂರುವ ಸೀಳಿಗೆ ಸುತ್ತ ಕೈಯಲ್ಲೇ ಹೊಲಿಗೆ ಹಾಕಿ ಕಾಜಾ ಮಾಡುವವಳಿಗೆ ಅಷ್ಟು ಸಾಲದು.

ಹೊಲಿಗೆ ಅಂಗಡಿ ನೋಡಿಕೊಳ್ಳುವ ಮೈದುನ ಒಳ್ಳೆಯವನೇ. "ಅತ್ತಿಗೆ, ನೀವು ಗಿರಾಕಿಗಳನ್ನ ಮಾತಾಡಿಸ್ಕೊಂಡಿರಿ, ಸಾಕು. ಸೋಮವಾರದಿಂದ ಕಾಜಾಕ್ಕೆ ಒಬ್ಬ ಬರ್ತಾನೆ."

"ಬಾಯಿಗೆ ಕೆಲಸ ಕೊಟ್ಟು ಕೈಯನ್ನ ಮೂಲೆಗೆ ತಳ್ತೀಯಾ? ಅಷ್ಟರೊಳಗೆ ಒಂದು ಕೋಟು ಮುಗಿಸ್ತೀನಿ. ಆಮೇಲೆ ಹೇಳು."

ಕಾಲಿನ ಬೆರಳು ಸೂಜಿ ಹಿಡಿದೀತೇ ಎಂದು ಕೇಳಿದ್ದಕ್ಕೆ, ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುವ ಹುಡುಗಿ ನಕ್ಕಳು. "ಚಿಂಪಾಂಜಿಗೆ ಕಾಲಲ್ಲೂ ಹೆಬ್ಬೆರಳು ಪಕ್ಕಕ್ಕೆ ಚಾಚಿರುತ್ತೆ ಅಮ್ಮ, ಕೊಂಬೆ ಹಿಡಿಯುತ್ತೆ. ಎರಡು ಕಾಲಲ್ಲಿ ನಡೆಯೋ ನಮಗೆ ಅದು ಉಳಿದ ಬೆರಳುಗಳ ಸಾಲಿಗೆ ಸೇರಿದೆ. ಆದ್ರೆ ಚಿಂಪಾಂಜಿಯ ಕೈ ಹೆಬ್ಬೆರಳು ಗಿಡ್ಡ. ತುದಿಗೆ ತುದಿ ಒತ್ತಿ ಸೂಜಿ ಹಿಡಿಯೋ ಬಿಗಿ ನಮ್ಮದೇ."

"ಹಾಗಾದ್ರೆ ನಂದು ಹಿಂದಕ್ಕೆ ಹೋಯ್ತೋ, ಮುಂದಕ್ಕೋ?"

"ಸದ್ಯಕ್ಕೆ ದಾರೀಲಿದೆ."

ದಾರಿಯ ತೊಡಕು ಬೇರೆಯೇ ಇತ್ತು. ಸೂಜಿ ಚುಚ್ಚಿದರೆ ಅತ್ತಿಗೆ ಕಾಲು ಎಳೆದುಕೊಳ್ಳುತ್ತಿದ್ದಳು! ಅವಳ ಮನಸ್ಸು ಆ ಬೆರಳನ್ನು ಇನ್ನೂ ಕಾಲಿನ ಲೆಕ್ಕದಲ್ಲೇ ಇಟ್ಟಿತ್ತು. ಕೈ ಮಾತ್ರ ಇದ್ದಲ್ಲೇ ಇದ್ದು, ಚಿಂದಿ ಬಟ್ಟೆಯ ಮೇಲೆ ರಕ್ತ ಇಳಿಯುತ್ತಿತ್ತು. "ಬೆರಳಿಂದ ಕಣ್ಣು ಕೀಳಬೇಡಿ. ನೋಡ್ತಾ ನೋಡ್ತಾ ಅದು ಕಲಿಯುತ್ತೆ," ಅಂದಿದ್ದಳು ಹುಡುಗಿ.

ಭಾನುವಾರ ಬೆಳಿಗ್ಗೆ ಅತ್ತಿಗೆ ಕಪ್ಪು ಕೋಟನ್ನು ಮಡಿಲಿಗೆ ಎಳೆದುಕೊಂಡಳು. ಮೊದಲ ಕಾಜಾ ಮುಗಿದಾಗ ಮೈದುನ ಇಣುಕಿದ.

"ಹುಳ ಹರಿದ ಹಾಗಿದೆ, ಅತ್ತಿಗೆ."

"ಕಣ್ಣಿದೆ ನಂಗೂ."

ಬಿಚ್ಚಿದಳು. ಮತ್ತೆ ಹಾಕಿದಳು. ಮತ್ತೆ ಬಿಚ್ಚಿದಳು. ಹೊಸ ಬೆರಳು ಸೋತಾಗ ಅಂಗೈಯನ್ನು ತೊಡೆಗೊತ್ತಿ, ಸೂಜಿಯನ್ನು ಪುನಃ ಹಿಡಿದಳು. ಊಟಕ್ಕೆ ಕರೆದರೆ ಏಳಲಿಲ್ಲ. ಮಧ್ಯಾಹ್ನ ಒಮ್ಮೆ ಸೂಜಿ ಚುಚ್ಚಿತು. ಕೈ ಹಿಂದಕ್ಕೆ ಸರಿಯಿತು, ಕಾಲು ಕದಲಲಿಲ್ಲ. ಅವಳು ಬೆರಳನ್ನು ಬಾಯಿಗಿಟ್ಟು ಚೀಪಿ, ಕೆಲಸ ಮುಂದುವರಿಸಿದಳು.

ಸಂಜೆ ಮೈದುನ ಕೋಟನ್ನು ಬೆಳಕಿಗೆ ಹಿಡಿದು ಒಂದೊಂದೇ ಗುಂಡಿ ತೂರಿಸಿದ. ಜಗ್ಗಿ ನೋಡಿದ. ಕೊನೆಯದು ಕೊಂಚ ಬಿಗಿಯಾಗಿತ್ತು, ಆದರೂ ದಾಟಿತು. ಇನ್ನೊಂದು ಕೋಟು ತಂದು ಅವಳ ಪಕ್ಕಕ್ಕಿಟ್ಟ.

"ಇದು ಬುಧವಾರಕ್ಕೆ ಕೊಡಬೇಕು."

"ನಾಳೆ ಬರೋನು?"

"ಬರ್ಲಿ ಬಿಡಿ. ಪ್ಯಾಂಟು ಹೊಲೀಲಿ."